ಹವಳದ ದಿಬ್ಬಕ್ಕೆ ಬಿಸಿಲೇ ಆಹಾರವೆಂದು ತಿಳಿದ ಬಗೆ

ಬಳ್ಳಾರಿಯ ಆಭರಣದಂಗಡಿಗಳಲ್ಲಿ ಮಂಗಳ ಗ್ರಹದ ಉಂಗುರಕ್ಕೆ ಕೂರಿಸುವ ಕೆಂಪು ಹವಳ, ಅಸಲಿಯೇ ಆಗಿದ್ದರೆ, ಬಹುಮಟ್ಟಿಗೆ ಮೆಡಿಟರೇನಿಯನ್ ಸಮುದ್ರದ ಮಬ್ಬುಗತ್ತಲಲ್ಲಿ ಬೆಳೆದದ್ದು. ಅದಕ್ಕೆ ಬಿಸಿಲಿನ ಹಂಗಿಲ್ಲ. ಲಕ್ಷದ್ವೀಪದಂಥ ನೆಲವನ್ನೇ ಕಟ್ಟಿದ ಹವಳವೆಂಬ ಪುಟ್ಟ ಪ್ರಾಣಿಯ ಕಥೆ ಬೇರೆ. ಅದು ಬೆಳಕು ತಲುಪುವ, ಆಳವಿಲ್ಲದ ನೀರಿನಲ್ಲಷ್ಟೇ ದಿಬ್ಬ ಕಟ್ಟುತ್ತದೆಂಬುದನ್ನು ಫ್ರೆಂಚ್ ನಿಸರ್ಗ ವಿಜ್ಞಾನಿಗಳು 1820ರ ದಶಕದಲ್ಲೇ ಗಮನಿಸಿದ್ದರು. ಮುಳುಗುತ್ತಿರುವ ಜ್ವಾಲಾಮುಖಿಯ ಸುತ್ತ ಹವಳ ಮೇಲಮೇಲಕ್ಕೆ ಬೆಳೆಯುತ್ತ ಉಂಗುರದಾಕಾರದ ದ್ವೀಪಗಳಾದವೆಂದು ಡಾರ್ವಿನ್ 1842ರಲ್ಲಿ ವಿವರಿಸಿದನು. ಆದರೆ ಅದಕ್ಕೆ ಬೆಳಕೇ ಏಕೆ ಬೇಕೆಂಬುದು ಆಗಿನ್ನೂ ತಿಳಿದಿರಲಿಲ್ಲ.

ಹವಳದಂಥ ಕಡಲಜೀವಿಗಳ ಮೈಯೊಳಗಿನ ಹಳದಿ ಕೋಶಗಳು ಪ್ರಾಣಿಯ ಅಂಗಗಳಲ್ಲ, ಏಕಕೋಶ ಪಾಚಿಗಳು ಎಂಬುದನ್ನು ಜರ್ಮನಿಯ ಕಾರ್ಲ್ ಬ್ರಾಂಟ್ 1881ರಲ್ಲಿ ತೋರಿಸಿದರು. ಅಷ್ಟಾದರೂ, 1928-29ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿಗೆ ಹೋದ ತಂಡದ ನಾಯಕ ಮಾರಿಸ್ ಯೋಂಗ್, ಹವಳವು ಮಾಂಸಾಹಾರಿ, ಪಾಚಿ ಅದರ ಕಸ ತೆಗೆಯುವುದಕ್ಕಷ್ಟೇ ಇದೆಯೆಂದು ವಾದಿಸಿದರು. ರಾತ್ರಿ ಗ್ರಹಣಾಂಗ ಚಾಚಿ ಸೂಕ್ಷ್ಮಜೀವಿಗಳನ್ನು ಹಿಡಿಯುವ ಹವಳವನ್ನು ಕಣ್ಣಾರೆ ಕಂಡವರಿಗೆ ಹಾಗನ್ನಿಸಿದ್ದು ಸಹಜವೇ.

ಈ ವಾದವನ್ನು ಅಲುಗಿಸಿದ್ದು, ಹೋದೆಡೆಯೆಲ್ಲ ಜಾಡು ಹಿಡಿಯಬಹುದಾದ ವಿಕಿರಣಶೀಲ ಧಾತುಗಳು. 1958ರಲ್ಲಿ ವಿಜ್ಞಾನಿಗಳಾದ ಮಸ್ಕಟೀನ್ ಮತ್ತು ಹ್ಯಾಂಡ್, ಹವಳದ ನಂಟಿನ ಕಡಲ ಹೂವೆಂಬ ಪ್ರಾಣಿಯ ಮೇಲೆ ಕಾರ್ಬನ್-14 ಬಳಸಿ, ಪಾಚಿ ಬಿಸಿಲಲ್ಲಿ ತಯಾರಿಸಿದ ಆಹಾರವು ಪ್ರಾಣಿಯ ಅಂಗಾಂಶಕ್ಕೆ ಸೇರುವುದನ್ನು ಕಂಡರು. ಮರುವರ್ಷ ಜಮೈಕಾದಲ್ಲಿ ಥಾಮಸ್ ಗೋರೊ, ಕ್ಯಾಲ್ಸಿಯಂ-45ರ ಜಾಡು ಹಿಡಿದು, ಹವಳವು ಕತ್ತಲಿಗಿಂತ ಬೆಳಕಿನಲ್ಲಿ ಬಹು ವೇಗವಾಗಿ ಸುಣ್ಣ ಕಟ್ಟುತ್ತದೆಂದು ಸಾಬೀತುಪಡಿಸಿದರು. ಗಂಗಾವತಿ, ಸಿಂಧನೂರಿನ ಗದ್ದೆಗಳಿಗೆ ಅಜೋಲಾ ಬಿಡುವ ರೈತರು ಬಲ್ಲ ಕೂಡುಬಾಳಿನಂಥದ್ದೇ ಇದು: ಅಜೋಲಾ ಎಲೆಯ ಪೊಳ್ಳಿನಲ್ಲಿ ನೆಲೆಸಿದ ನೀಲಿ-ಹಸಿರು ಪಾಚಿ ಸಾರಜನಕ ಕೊಡುತ್ತದೆ, ಹವಳದೊಳಗಿನ ಪಾಚಿ ಸಕ್ಕರೆ, ಗ್ಲಿಸರಾಲ್ ಕೊಡುತ್ತದೆ. ತಾನು ತಯಾರಿಸಿದ್ದರಲ್ಲಿ ಶೇ. 90ರವರೆಗೂ ಅದು ಬಿಟ್ಟುಕೊಡಬಲ್ಲುದು. ಪ್ರತಿಯಾಗಿ ಹವಳ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ವಿಸರ್ಜನೆಯ ಅಮೋನಿಯವನ್ನೂ ಒದಗಿಸುತ್ತದೆ. ಪೋಷಕಾಂಶಗಳೇ ಇಲ್ಲದಂಥ ತಿಳಿನೀರಿನಲ್ಲಿ ಮೀನು, ಏಡಿ, ಶಂಖಗಳ ಅಷ್ಟು ದೊಡ್ಡ ಸಂತೆ ನೆರೆಯಲು ಈ ಒಳವ್ಯವಹಾರವೇ ಮುಖ್ಯ ಕಾರಣ.

ಅದೇ ಬಿಸಿಲು ಮುಳುವಾಗುವುದೂ ಉಂಟು. ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ನೀರು ಒಂದೇ ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ, ಪಾಚಿಯು ಬೆಳಕನ್ನು ಅರಗಿಸಿಕೊಳ್ಳಲಾರದೆ ವಿಷಕಾರಿ ಆಮ್ಲಜನಕ ರೂಪಗಳನ್ನು ಹೊರಬಿಡುತ್ತದೆ, ಹವಳ ಪಾಚಿಯನ್ನೇ ಉಗುಳಿ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಆದದ್ದು ಇದೇ. ನೀರು ಬೇಗ ತಣಿದರೆ ಪಾಚಿ ಮತ್ತೆ ಹಬ್ಬುತ್ತದೆ. ತಡವಾದರೆ ಹವಳ ಹಸಿವಿನಿಂದ ಸಾಯುತ್ತದೆ.