ನಾಲ್ಕು ಲೀಟರ್ ನೀರು ಕುಡಿದರೆ ತೂಕ ಇಳಿಯುತ್ತಾ?

ಪ್ರಶ್ನೆ: ನನಗೆ 39 ವರ್ಷ, ತೂಕ 74 ಕೆಜಿ. ಶಾಲೆಯಲ್ಲಿ ಟೀಚರ್. ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿದರೆ ಕೊಬ್ಬು ಕರಗುತ್ತದೆ ಅಂತ ಗೆಳತಿಯರು ಹೇಳಿದ್ದರಿಂದ ಗಂಟೆಗೊಂದು ಗೆರೆ ಇರುವ ದೊಡ್ಡ ಬಾಟಲಿ ತಂದಿದ್ದೇನೆ. ಬೆಳಿಗ್ಗೆ ಬಿಸಿನೀರಿಗೆ ಜೇನುತುಪ್ಪ, ನಿಂಬೆಹಣ್ಣನ್ನೂ ಹಾಕಿ ಕುಡಿಯುತ್ತೇನೆ. ಮೂರು ವಾರ ಆಯ್ತು. ಟಾಯ್ಲೆಟ್‌ಗೆ ಓಡಾಡಿದ್ದೇ ಬಂತು, ತೂಕ ಹಾಗೇ ಇದೆ. ನಿಜವಾಗಿ ಎಷ್ಟು ನೀರು ಕುಡಿಯಬೇಕು?

ಉತ್ತರ: ಇದೇ ಪ್ರಶ್ನೆಯನ್ನು ಎಷ್ಟೋ ಜನ ಕೇಳುತ್ತಾರೆ, ಅದರಲ್ಲೂ ಬೇಸಿಗೆ ಶುರುವಾದರೆ ಸಾಕು. ಮೊದಲೇ ಹೇಳಿಬಿಡುತ್ತೇನೆ ಮೇಡಂ, ನೀರಿಗೆ ಕೊಬ್ಬು ಕರಗಿಸುವ ಶಕ್ತಿ ಇಲ್ಲ. ಆದರೆ ಊಟಕ್ಕೆ ಸ್ವಲ್ಪ ಮೊದಲು ಕುಡಿದರೆ, ಸಕ್ಕರೆ ಹಾಕಿದ ಪಾನೀಯಗಳ ಬದಲು ಕುಡಿದರೆ, ತೂಕ ಇಳಿಸುವುದಕ್ಕೆ ನಿಜವಾಗಿಯೂ ನೆರವಾಗುತ್ತದೆ. ನೀವು ಬಾಟಲಿಯ ಗೆರೆಗಳನ್ನು ನೋಡುತ್ತಿದ್ದೀರಿ. ಅದರ ಬದಲು ಊಟದ ಹೊತ್ತನ್ನೂ ಕಾಫಿ ಲೋಟವನ್ನೂ ನೋಡಬೇಕಿತ್ತು.

ಕರಗುವ ಮಾತು ಎಲ್ಲಿಂದ ಬಂತು ಅಂತ ಊಹಿಸುವುದು ಕಷ್ಟವಲ್ಲ. ತುಪ್ಪದ ಪಾತ್ರೆಗೆ ಬಿಸಿನೀರು ಹಾಕಿದರೆ ಜಿಡ್ಡು ಬಿಡುತ್ತದೆ. ಹೊಟ್ಟೆಯ ಬೊಜ್ಜೂ ಹಾಗೇ ಬಿಡಬಹುದು ಅಂತ ಮನಸ್ಸಿಗೆ ಅನ್ನಿಸುತ್ತದೆ. ಆದರೆ ನಮ್ಮ ಮೈಯೊಳಗೆ ಯಾವಾಗಲೂ 37 ಡಿಗ್ರಿ ಶಾಖ ಇದ್ದೇ ಇದೆ. ಕುಡಿದ ನೀರು ಹೊಟ್ಟೆಗೂ ಕರುಳಿಗೂ ಹೋಗಿ ರಕ್ತ ಸೇರುತ್ತದೆ. ಚರ್ಮದ ಕೆಳಗಿರುವ ಕೊಬ್ಬಿನ ಹತ್ತಿರ ಹೋಗಿ ಅದನ್ನು ತೊಳೆಯುವುದಿಲ್ಲ. ಮೂತ್ರದಲ್ಲಿ ಕೊಬ್ಬು ಹೊರಗೆ ಹೋಗುವುದೂ ಇಲ್ಲ. ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 2014ರಲ್ಲಿ ಇದರ ಲೆಕ್ಕ ಹಾಕಿ ತೋರಿಸಿದರು. 10 ಕೆಜಿ ಕೊಬ್ಬು ಕಳೆದುಕೊಂಡರೆ ಅದರಲ್ಲಿ 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಗೆ ಹೋಗುತ್ತದೆ. ಉಳಿದ 1.6 ಕೆಜಿ ನೀರಾಗುತ್ತದೆ. ಕಳೆದುಕೊಂಡ ಬೊಜ್ಜಿನ ಬಹುಪಾಲನ್ನು ನಾವು ಮೂಗಿನಿಂದಲೇ ಬಿಟ್ಟಿರುತ್ತೇವೆ! ಆದರೆ ಅದಕ್ಕೆ ಮೊದಲು ಆ ಕೊಬ್ಬನ್ನು ಮೈ ಖರ್ಚು ಮಾಡಬೇಕು. ತಿನ್ನುವುದು ಕಮ್ಮಿಯಾದಾಗ ಅಥವಾ ದುಡಿಮೆ ಜಾಸ್ತಿಯಾದಾಗ ಮಾತ್ರ ಅದು ಖರ್ಚಾಗುತ್ತದೆ.

ಹಾಗಾದರೆ ತಣ್ಣೀರು ಕುಡಿದರೆ ಅದನ್ನು ಬಿಸಿ ಮಾಡಲು ಕ್ಯಾಲೊರಿ ಖರ್ಚಾಗಬೇಕಲ್ವಾ ಅಂತ ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. 25 ಡಿಗ್ರಿಯ ಒಂದು ಲೀಟರ್ ನೀರು 37 ಡಿಗ್ರಿಗೆ ಬರಲು 12 ಕ್ಯಾಲೊರಿ ಬೇಕು. ನಾಲ್ಕು ಲೀಟರಿಗೆ 48. ಹೆಚ್ಚುಕಮ್ಮಿ ಒಂದು ಇಡ್ಲಿ. ಅದೂ ಪೂರ್ತಿ ಸಿಗುತ್ತದೆ ಅಂತ ಹೇಳಲಾಗದು. ಸೆಕೆಯ ದಿನ ಮೈ ಹೇಗೂ ಶಾಖವನ್ನು ಹೊರಗೆ ಹಾಕಲು ಒದ್ದಾಡುತ್ತಿರುತ್ತದೆ, ಆ ಶಾಖದಲ್ಲೇ ನೀರು ಬಿಸಿಯಾಗುತ್ತದೆ. ಬಿಸಿನೀರಿಗಂತೂ ಆ ಖರ್ಚೂ ಇಲ್ಲ. 2003ರಲ್ಲಿ ಬರ್ಲಿನ್‌ನಲ್ಲಿ 14 ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧ ಲೀಟರ್ ನೀರು ಕುಡಿದ ಮೇಲೆ ಮೈ ಶಕ್ತಿ ಖರ್ಚು ಮಾಡುವ ವೇಗ 30 ಶೇಕಡಾ ಏರಿತು ಅಂತ ವರದಿಯಾಯಿತು. ಇವತ್ತಿಗೂ ಮೊಬೈಲ್‌ನಲ್ಲಿ ಓಡಾಡುವ ಮಾತು ಅದೇ. ಆಮೇಲೆ ಬೇರೆಯವರು ಅದೇ ರೀತಿ ಅಳೆದು ನೋಡಿದಾಗ ಅಷ್ಟು ಏರಿಕೆ ಕಾಣಲಿಲ್ಲ. ಅದನ್ನು ನಂಬಿ ಲೀಟರ್‌ಗಟ್ಟಲೆ ಕುಡಿಯುವುದು ಬೇಡ.

ನಿಂಬೆ, ಜೇನಿನ ವಿಷಯ ಬೇಗ ಮುಗಿಸುತ್ತೇನೆ. ರುಚಿಗೆ ಇಷ್ಟವಾದರೆ ಕುಡಿಯಿರಿ. ಒಂದು ಚಮಚ ಜೇನುತುಪ್ಪದಲ್ಲಿ 20 ಕ್ಯಾಲೊರಿ ಇರುತ್ತದೆ. ತೂಕ ಇಳಿಯಲಿ ಅಂತ ಕುಡಿಯುವುದಾದರೆ ಜೇನು ಬಿಟ್ಟುಬಿಡಿ.

ಈಗ ನೀರು ನಿಜವಾಗಿ ಕೆಲಸ ಮಾಡುವ ಜಾಗಕ್ಕೆ ಬರೋಣ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು 55ರಿಂದ 75 ವರ್ಷದ 48 ಜನರಿಗೆ ಹನ್ನೆರಡು ವಾರ ಕಡಿಮೆ ಕ್ಯಾಲೊರಿಯ ಊಟ ಕೊಟ್ಟರು. ಒಂದು ಗುಂಪಿಗೆ ಮಾತ್ರ ಮೂರು ಹೊತ್ತೂ ಊಟಕ್ಕೆ ಮುಂಚೆ ಅರ್ಧ ಲೀಟರ್ ನೀರು ಕುಡಿಯಲು ಹೇಳಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನೀರು ಕುಡಿದವರು ಇನ್ನೊಂದು ಗುಂಪಿಗಿಂತ ಸುಮಾರು 2 ಕೆಜಿ ಜಾಸ್ತಿ ಇಳಿದಿದ್ದರು. 2015ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಬೊಜ್ಜಿರುವ 84 ಜನರ ಮೇಲೆ ಇಂಥದ್ದೇ ಪ್ರಯೋಗ ಆಯಿತು. ಊಟಕ್ಕೆ ಅರ್ಧ ಗಂಟೆ ಮೊದಲು ಅರ್ಧ ಲೀಟರ್. ಅಲ್ಲಿ ಹನ್ನೆರಡು ವಾರಕ್ಕೆ ಕಂಡ ವ್ಯತ್ಯಾಸ 1.3 ಕೆಜಿ. ದೊಡ್ಡ ಪವಾಡ ಅಲ್ಲ. ಆದರೆ ಖರ್ಚಿಲ್ಲದ ಕೆಲಸಕ್ಕೆ ಒಂದು ಕೆಜಿ ಸಿಕ್ಕರೆ ನಾನು ಬೇಡ ಅನ್ನಲಾರೆ.

ಇದರ ಗುಟ್ಟು ಸರಳ. ಹೊಟ್ಟೆ ಸ್ವಲ್ಪ ತುಂಬಿರುವಾಗ ಊಟಕ್ಕೆ ಕೂತರೆ ಎರಡನೇ ಸಲ ಅನ್ನ ಬಡಿಸಿಕೊಳ್ಳುವ ಮನಸ್ಸಾಗುವುದಿಲ್ಲ. ಆದರೆ ಬರೀ ನೀರು ಹೊಟ್ಟೆಯಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಬೇಗ ಕೆಳಗಿಳಿಯುತ್ತದೆ. ವಯಸ್ಸಾದವರಲ್ಲಿ ಈ ಉಪಾಯ ಚೆನ್ನಾಗಿ ಕೆಲಸ ಮಾಡಿದ್ದು, ಎಳೆಯ ವಯಸ್ಸಿನವರಲ್ಲಿ ಅಷ್ಟಾಗಿ ಕಾಣದಿದ್ದದ್ದು ಕೂಡ ಕೆಲವು ಪ್ರಯೋಗಗಳಲ್ಲಿ ಗೊತ್ತಾಗಿದೆ. ನೀವು ಎರಡರ ನಡುವಿನ ವಯಸ್ಸಿನವರು. ಹತ್ತು ದಿನ ಮಾಡಿ ನೋಡಿದರೆ ನಿಮ್ಮ ತಟ್ಟೆಯೇ ಹೇಳುತ್ತದೆ.

ನನಗೆ ತುಂಬಾ ಇಷ್ಟವಾದ ಪ್ರಯೋಗ ಇನ್ನೊಂದಿದೆ. 1999ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 24 ಹೆಂಗಸರಿಗೆ ಊಟಕ್ಕೆ ಮೊದಲು ಒಂದು ತಿನಿಸು ಕೊಟ್ಟರು. ಒಂದು ದಿನ ಗಟ್ಟಿ ತಿನಿಸು. ಇನ್ನೊಂದು ದಿನ ಅದೇ ತಿನಿಸು, ಪಕ್ಕದಲ್ಲಿ ಒಂದು ಲೋಟ ನೀರು. ಮತ್ತೊಂದು ದಿನ ಅದೇ ತಿನಿಸಿಗೆ ಅಷ್ಟೇ ನೀರನ್ನು ಬೆರೆಸಿ ಸೂಪ್ ಮಾಡಿ ಕೊಟ್ಟರು. ಸೂಪ್ ಕುಡಿದ ದಿನ ಮಾತ್ರ ಅವರು ಆಮೇಲಿನ ಊಟದಲ್ಲಿ ಕಮ್ಮಿ ತಿಂದರು. ಅದೇ ಸಾಮಾನು, ಅಷ್ಟೇ ನೀರು. ಪಕ್ಕದಲ್ಲಿದ್ದಾಗ ಆಗದ ಕೆಲಸ, ಒಳಗೆ ಬೆರೆತಾಗ ಆಯಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಸಾರು. ಸೊಪ್ಪು ಬೇಯಿಸಿ ಬಸಿದ ಕಟ್ಟಿನಲ್ಲಿ ಮಾಡುವ ಬಸ್ಸಾರು, ಹುರುಳಿಕಟ್ಟಿನ ಸಾರು, ದೊಡ್ಡಪತ್ರೆ ತಂಬುಳಿ, ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ. ಇವೆಲ್ಲ ನೀರೇ, ಆದರೆ ಹೊಟ್ಟೆಯಲ್ಲಿ ನಿಲ್ಲುವ ನೀರು. ನಮ್ಮ ಮನೆಯಲ್ಲಿ ಈಗ ಮೊದಲು ಒಂದು ಬಟ್ಟಲು ತೆಳು ಸಾರನ್ನು ಸುಮ್ನೆ ಕುಡಿದು, ಆಮೇಲೆ ತಟ್ಟೆ ಹಾಕುತ್ತೇವೆ. ಬಟ್ಟಲಿನಲ್ಲಿ ತಳ ಕಾಣುವಷ್ಟು ತೆಳು ಇರುತ್ತದೆ, ಮೇಲೆ ಕರಿಬೇವಿನ ಎಲೆ, ಒಂದೆರಡು ಸಾಸಿವೆ ತೇಲುತ್ತಿರುತ್ತದೆ. ಅದನ್ನು ಗುಟುಕು ಗುಟುಕಾಗಿ ಮುಗಿಸಲು ಐದು ನಿಮಿಷ ಬೇಕು. ಮೂರು ಹಿಡಿ ಅನ್ನ ಹಾಕಿಕೊಳ್ಳುತ್ತಿದ್ದ ನಾನು ಎರಡಕ್ಕೆ ನಿಲ್ಲಿಸಿದ್ದು ಹೀಗೆ. ಉಪ್ಪು ಮಾತ್ರ ಕೈ ಬಿಗಿಹಿಡಿದು ಹಾಕಿ.

ಇನ್ನು ಕಾಫಿ, ಟೀ. ಸ್ಟಾಫ್ ರೂಮಿನಲ್ಲಿ ದಿನಕ್ಕೆ ಎಷ್ಟು ಸಲ ಕುಡಿಯುತ್ತೀರಿ? ಎರಡು ಚಮಚ ಸಕ್ಕರೆ ಅಂದರೆ 10 ಗ್ರಾಂ, 40 ಕ್ಯಾಲೊರಿ. ದಿನಕ್ಕೆ ನಾಲ್ಕು ಲೋಟ ಆದರೆ ಬರೀ ಸಕ್ಕರೆಯಿಂದಲೇ 160. ತಿಂಗಳಿಗೆ 4,800. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಅಂತ ಲೆಕ್ಕ. ಹಾಲನ್ನು ಸೇರಿಸದೆಯೇ ಅರ್ಧ ಕೆಜಿ ದಾಟಿತು! ಕಾಲು ಲೀಟರ್ ಬಾಟಲಿ ಕೂಲ್‌ಡ್ರಿಂಕ್‌ನಲ್ಲಿ ಐದು ಚಮಚದಷ್ಟು ಸಕ್ಕರೆ ಇರುತ್ತದೆ. ಪ್ಯಾಕೆಟ್ಟಿನ ಮಾವಿನ ಜ್ಯೂಸ್, ಕಬ್ಬಿನ ಹಾಲೂ ಅದೇ ದಾರಿ. ದ್ರವವಾಗಿ ಒಳಗೆ ಹೋದ ಸಕ್ಕರೆಗೆ ಹೊಟ್ಟೆ ತುಂಬಿದ ಅನುಭವವೇ ಆಗುವುದಿಲ್ಲ, ಹಾಗಾಗಿ ಊಟವೂ ಕಮ್ಮಿಯಾಗುವುದಿಲ್ಲ. ಇವುಗಳ ಜಾಗಕ್ಕೆ ನೀರು, ನೀರು ಮಜ್ಜಿಗೆ ಬಂದರೆ ತೂಕದ ಯಂತ್ರ ಮಾತಾಡುತ್ತದೆ. ನಾಲ್ಕು ಲೀಟರ್ ನೀರಿನ ಜೊತೆಗೆ ನಾಲ್ಕು ಕಾಫಿಯೂ ಹಾಗೇ ಇದ್ದರೆ ಏನೂ ಆಗುವುದಿಲ್ಲ. ನಿಮಗೆ ಆಗಿದ್ದು ಬಹುಶಃ ಇದೇ.

ಹಾಗಾದರೆ ಎಷ್ಟು? ದಿನಕ್ಕೆ ಎಂಟು ಲೋಟ ಅನ್ನುವ ಮಾತಿನ ಬೇರು ಹುಡುಕಿದವರು ಸಾಮಾನ್ಯವಾಗಿ 1945ರ ಒಂದು ಅಮೆರಿಕನ್ ಸಲಹೆಗೆ ಬಂದು ನಿಲ್ಲುತ್ತಾರೆ. ವಯಸ್ಕರಿಗೆ ದಿನಕ್ಕೆ ಎರಡೂವರೆ ಲೀಟರ್ ನೀರು ಬೇಕು ಅಂತ ಅದರಲ್ಲಿತ್ತು. ಇದರಲ್ಲಿ ಬಹುಪಾಲು ಆಹಾರದಲ್ಲೇ ಇರುತ್ತದೆ ಅನ್ನುವ ಮಾತೂ ಇತ್ತು. ಜನ ಮೊದಲನೆಯದನ್ನು ಹಿಡಿದುಕೊಂಡರು, ಎರಡನೆಯದನ್ನು ಬಿಟ್ಟರು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಹೇಳಿದ ಲೆಕ್ಕ ಹೆಂಗಸರಿಗೆ 2 ಲೀಟರ್, ಗಂಡಸರಿಗೆ 2.5 ಲೀಟರ್. ಇದರಲ್ಲಿ ಊಟದ ನೀರು, ಕಾಫಿ, ಟೀ, ಮಜ್ಜಿಗೆ ಎಲ್ಲವೂ ಸೇರಿದೆ. ಅದು ಅಲ್ಲಿನ ತಂಪು ಹವೆಯ ಮಾತು. ಮೇ ತಿಂಗಳ ರಾಯಚೂರಿನಲ್ಲಿ, ಕಲಬುರಗಿಯಲ್ಲಿ, ಅಥವಾ ಬೆವರು ಒಣಗದ ಮಂಗಳೂರಿನಲ್ಲಿ ಅದು ಸಾಲುವುದಿಲ್ಲ. ನಮ್ಮ ಅನ್ನದಲ್ಲಿ ಮುಕ್ಕಾಲಿಗೆ ಹತ್ತಿರದಷ್ಟು ನೀರೇ ಇದೆ, ಸೌತೆಕಾಯಿಯಂತೂ ಪೂರ್ತಿ ನೀರು. ಜೊತೆಗೆ ಸಾರು, ಮಜ್ಜಿಗೆ. ಹಾಗಾಗಿ ನಿಮ್ಮಂಥವರಿಗೆ ಸಾಧಾರಣ ದಿನಗಳಲ್ಲಿ ಬರೀ ನೀರು ಒಂದೂವರೆಯಿಂದ ಎರಡು ಲೀಟರ್ ಸಾಕು. ಬಿಸಿಲಲ್ಲಿ ಓಡಾಡಿದ ದಿನ ಬಾಯಾರಿಕೆ ಕೇಳಿದಷ್ಟು ಇನ್ನೂ ಕುಡಿಯಿರಿ. ಮೂತ್ರ ತಿಳಿ ಹಳದಿ ಇದ್ದರೆ ಸರಿಯಾಗಿದೆ ಅಂತ ಅರ್ಥ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಈ ಗುರುತು ನಂಬಬೇಡಿ, ಗಾಢ ಹಳದಿ ಆಗಿಯೇ ಆಗುತ್ತದೆ.

ಜಾಸ್ತಿ ಕುಡಿದರೆ ನಷ್ಟ ಏನು? ಮೂತ್ರಪಿಂಡಗಳು ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನಷ್ಟು ನೀರನ್ನು ಹೊರಗೆ ಹಾಕಬಲ್ಲವು. ಅದಕ್ಕಿಂತ ವೇಗವಾಗಿ ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ತಲೆನೋವು, ವಾಂತಿ, ಗೊಂದಲದಿಂದ ಹಿಡಿದು ಫಿಟ್ಸ್, ಸಾವಿನವರೆಗೂ ಹೋಗಬಹುದು. ಹೃದಯ, ಕಿಡ್ನಿ, ಲಿವರ್ ತೊಂದರೆ ಇರುವವರು, ನೀರು ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ನೀರಿನ ಅಳತೆ ಬದಲಿಸಲೇಬಾರದು. ಇನ್ನೊಂದು ನಮ್ಮ ಕಡೆಯದೇ ಚಿಂತೆ. ಪಾವಗಡ, ಮುಂಡರಗಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅಂಥ ನೀರನ್ನು ಎರಡರ ಬದಲು ನಾಲ್ಕು ಲೀಟರ್ ಕುಡಿದರೆ ಮೈಗೆ ಸೇರುವ ಫ್ಲೋರೈಡೂ ಎರಡು ಪಟ್ಟು. ಕುದಿಸಿದರೆ ಅದು ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತರುವ ಕ್ಯಾನ್ ನೀರನ್ನೇ ಕುಡಿಯಿರಿ.

ಜಾಸ್ತಿ ಕುಡಿಯುವವರಿಗಿಂತ ನೀರು ಕುಡಿಯದೇ ಇರುವ ಹೆಂಗಸರ ಬಗ್ಗೆಯೇ ನನಗೆ ಹೆಚ್ಚು ಸಂಕಟ. ನನ್ನ ತಂಗಿ ಬಾಣಂತನಕ್ಕೆ ಬಂದಾಗ ಅಜ್ಜಿ ಚಿಕ್ಕ ಬೆಳ್ಳಿ ಲೋಟದಲ್ಲಿ ಅರ್ಧ ಲೋಟ ಬಿಸಿನೀರು ಕೊಡುತ್ತಿದ್ದರು. ದಿನಕ್ಕೆ ನಾಲ್ಕೈದು ಸಲ, ಅಷ್ಟೇ. "ಜಾಸ್ತಿ ಕುಡಿದ್ರೆ ಹೊಟ್ಟೆ ಬಂದ್ಬಿಡುತ್ತೆ ಕಣೇ, ಆಮೇಲೆ ಇಳಿಯಲ್ಲ" ಅಂತ ಪ್ರೀತಿಯಿಂದಲೇ ಹೇಳುತ್ತಿದ್ದರು. ತಂಗಿಯ ತುಟಿ ಒಡೆದಿತ್ತು. ಮಲಬದ್ಧತೆಯಿಂದ ಅಳುತ್ತಿದ್ದಳು. ಹಾಲುಣಿಸುವ ತಾಯಿಗೆ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ನೀರು ಉಳಿದವರಿಗಿಂತ ಜಾಸ್ತಿಯೇ ಬೇಕು. ಹೆರಿಗೆಯಾದ ಮೇಲೆ ಹೊಟ್ಟೆ ದೊಡ್ಡದಾಗಿ ಕಾಣುವುದು ಗರ್ಭಕೋಶ ಕುಗ್ಗಲು ಆರು ವಾರ ಹಿಡಿಯುವುದರಿಂದ, ಹೊಟ್ಟೆಯ ಸ್ನಾಯು ಸಡಿಲವಾಗಿರುವುದರಿಂದ. ನೀರಿಗೂ ಅದಕ್ಕೂ ಸಂಬಂಧವಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದು ಕೂತು ಅಜ್ಜಿಗೆ ಇದನ್ನು ತಿಳಿಸಿ ಹೇಳಿದರು. ಮರುದಿನ ಹಾಸಿಗೆ ಪಕ್ಕ ತುಂಬಿದ ಚೊಂಬು ಬಂತು. ಇಟ್ಟವರು ಅಜ್ಜಿಯೇ.

ನಿಮ್ಮ ಸಹೋದ್ಯೋಗಿಗಳಲ್ಲೂ ಬೆಳಿಗ್ಗೆ ಒಂಬತ್ತರಿಂದ ಸಂಜೆವರೆಗೆ ಒಂದು ಗುಟುಕೂ ಕುಡಿಯದವರು ಇರುತ್ತಾರೆ. ಶಾಲೆಯ ಟಾಯ್ಲೆಟ್ ಚೆನ್ನಾಗಿರುವುದಿಲ್ಲ ಅಲ್ವಾ? ಬಸ್ ಕಂಡಕ್ಟರ್‌ಗಳು, ಗಾರ್ಮೆಂಟ್ಸ್‌ಗೆ ಹೋಗುವವರು ಎಲ್ಲರ ಕಷ್ಟವೂ ಇದೇ. ಉರಿಮೂತ್ರ, ಸೋಂಕು, ಕಲ್ಲು ಹೀಗೆ ಬರುತ್ತವೆ. ಇಂಥವರಿಗೆ ಬಾಟಲಿ ಕೊಡುವುದಕ್ಕಿಂತ ಬಾಗಿಲಿಗೆ ಚಿಲಕ, ನಲ್ಲಿಯಲ್ಲಿ ನೀರು ಇರುವ ಟಾಯ್ಲೆಟ್ ಕೊಡುವುದು ಮೊದಲ ಕೆಲಸ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದನ್ನು ಎತ್ತಿ ಅಂತ ನಿಮ್ಮನ್ನು ಕೇಳಿಕೊಳ್ಳುತ್ತೇನೆ.

ತೂಕ ನೋಡುವಾಗ ಒಂದು ಎಚ್ಚರಿಕೆ. ಅರ್ಧ ಲೀಟರ್ ನೀರು ಕುಡಿದು ಯಂತ್ರ ಹತ್ತಿದರೆ ಅರ್ಧ ಕೆಜಿ ಜಾಸ್ತಿ ತೋರಿಸುತ್ತದೆ. ಮದುವೆ ಊಟದ ಮರುದಿನ ಏರುವ ತೂಕದಲ್ಲೂ ಉಪ್ಪು ಹಿಡಿದಿಟ್ಟ ನೀರೇ ಹೆಚ್ಚು. ವಾರಕ್ಕೊಂದು ದಿನ, ಬೆಳಿಗ್ಗೆ ಟಾಯ್ಲೆಟ್‌ಗೆ ಹೋಗಿ ಬಂದ ಮೇಲೆ, ಏನೂ ಕುಡಿಯುವ ಮೊದಲು ನೋಡಿ.

ನಾಳೆಯಿಂದ ಹೀಗೆ ಮಾಡಿ ನೋಡಿ. ಮನೆಯ ಲೋಟವನ್ನು ಒಮ್ಮೆ ಅಳೆಯಿರಿ. ಅರ್ಧ ಲೀಟರ್ ಹಾಲಿನ ಖಾಲಿ ಪ್ಯಾಕೆಟ್ ತೊಳೆದು ನೀರು ತುಂಬಿ ಸುರಿದರೆ ಎಷ್ಟು ಲೋಟ ಅಂತ ಗೊತ್ತಾಗುತ್ತದೆ. ನಮ್ಮ ಮನೆಯ ಸ್ಟೀಲ್ ಲೋಟದಲ್ಲಿ ಸರಿಯಾಗಿ ಎರಡು ಆಯಿತು. ತಿಂಡಿಗೆ ಮುಂಚೆ ಎರಡು ಲೋಟ. ಮಧ್ಯಾಹ್ನದ ಊಟದ ಬೆಲ್‌ಗೆ ಅರ್ಧ ಗಂಟೆ ಮೊದಲು ಎರಡು. ರಾತ್ರಿ ಊಟಕ್ಕೆ ಮೊದಲು ನೀರಿನ ಬದಲು ಒಂದು ಬಟ್ಟಲು ತೆಳು ಸಾರು, ಆಗ ನಿದ್ದೆಯಲ್ಲಿ ಏಳುವುದೂ ತಪ್ಪುತ್ತದೆ. ಸ್ಟಾಫ್ ರೂಮಿನ ನಾಲ್ಕು ಕಾಫಿಯಲ್ಲಿ ಎರಡನ್ನು ಬಿಡಿ, ಉಳಿದ ಎರಡಕ್ಕೆ ಒಂದೊಂದೇ ಚಮಚ ಸಕ್ಕರೆ. ಉಳಿದದ್ದು ಬಾಯಾರಿದಾಗ. 2019ರಲ್ಲಿ ಕೇರಳದ ಶಾಲೆಗಳಿಂದ ಸುದ್ದಿಯಾದ ವಾಟರ್ ಬೆಲ್, ಅಂದರೆ ನೀರು ಕುಡಿಯಲು ಮಕ್ಕಳಿಗೆ ನೆನಪಿಸುವ ಗಂಟೆ, ನಮ್ಮ ಕಡೆಯ ಶಾಲೆಗಳಿಗೂ ಬಂದಿದೆ. ನಿಮ್ಮಲ್ಲಿ ಅದು ಇದ್ದರೆ ಮಕ್ಕಳ ಜೊತೆಗೇ ಬಾಟಲಿ ತೆರೆಯಿರಿ. ಟೀಚರ್ ಕುಡಿಯುವುದನ್ನು ನೋಡಿದರೆ ಹಿಂದಿನ ಬೆಂಚಿನ ಹುಡುಗಿಯರೂ ಕುಡಿಯುತ್ತಾರೆ.