ಪ್ಲಗಿನ್ ಡೀಆಕ್ಟಿವೇಟ್ ಮಾಡಿದರೆ ಸಾಕಾ?

ಹಾಸನದಲ್ಲಿ ವೆಬ್ ಡಿಸೈನ್ ಕಲಿಯುತ್ತಾ ಸಣ್ಣಪುಟ್ಟ ರಿಪೇರಿ ಕೆಲಸವನ್ನೂ ಮಾಡುತ್ತೇನೆ. ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಒಂದು ಹೋಂಸ್ಟೇ ವೆಬ್‌ಸೈಟ್ ಕೈಗೆ ಬಂತು. ಗೂಗಲ್‌ನಲ್ಲಿ ಹುಡುಕಿ ಲಿಂಕ್ ಒತ್ತಿದವರಿಗೆ ರೂಮಿನ ಫೋಟೊ ಬದಲು ಜೂಜಿನ ಪುಟ ತೆರೆದುಕೊಳ್ಳುತ್ತಿತ್ತು. ಮಾಲೀಕರು ಮಾತ್ರ ಒಪ್ಪಲಿಲ್ಲ. "ನಮ್ಮ ಲ್ಯಾಪ್‌ಟಾಪಲ್ಲಿ ಸರಿಯಾಗೇ ಬರ್ತಿದೆಯಲ್ಲ ಮಾರಾಯ್ರೆ!"

ಅವರ ಮಾತೂ ಸುಳ್ಳಲ್ಲ. ಒಳಗೆ ಸೇರಿಕೊಂಡಿದ್ದ ಕೋಡ್ ಗೂಗಲ್‌ನಿಂದ ಬಂದವರನ್ನು ಮಾತ್ರ ಬೇರೆ ಕಡೆ ತಳ್ಳುತ್ತಿತ್ತು. ಅಡ್ಮಿನ್ (ಸೈಟ್ ನೋಡಿಕೊಳ್ಳುವವರು) ಆಗಿ ಲಾಗಿನ್ ಆದವರ ತಂಟೆಗೇ ಹೋಗುತ್ತಿರಲಿಲ್ಲ. ಮನೆಯವರ ಕಣ್ಣು ತಪ್ಪಿಸುವುದು ಇಂಥ ಕೋಡಿನ ಹಳೇ ಚಾಳಿ. ಹಾಗಾಗಿ ಸೈಟ್ ಪರೀಕ್ಷೆ ಮಾಡುವಾಗ ಲಾಗ್‌ಔಟ್ ಆಗಿ, ಮೊಬೈಲ್‌ನಲ್ಲಿ, ಗೂಗಲ್ ಮೂಲಕವೇ ಹೋಗಿ ನೋಡಿ.

ನುಗ್ಗಿದ್ದು ಎಲ್ಲಿಂದ? ಹಳೇ ಫೋಟೊ ಗ್ಯಾಲರಿ ಪ್ಲಗಿನ್‌ನಿಂದ. "ಅದನ್ನು ಯಾವತ್ತೋ ಆಫ್ ಮಾಡಿದ್ದೀವಲ್ಲ" ಎಂದರು ಮಾಲೀಕರು. ನಾವೆಲ್ಲ ಎಡವುವುದು ಇಲ್ಲೇ.

ವರ್ಡ್‌ಪ್ರೆಸ್ ಅಂದರೆ ವೆಬ್‌ಸೈಟ್ ಕಟ್ಟುವ ತಂತ್ರಾಂಶ. ಅದಕ್ಕೆ ಹೊಸ ಸೌಲಭ್ಯ ಸೇರಿಸುವ ತುಣುಕೇ ಪ್ಲಗಿನ್. ಅದು ಮುಖ್ಯವಾಗಿ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಫೈಲುಗಳ ಒಂದು ಕಟ್ಟು. ಡೀಆಕ್ಟಿವೇಟ್ ಒತ್ತಿದರೆ, ಅಂದರೆ ಆಫ್ ಮಾಡಿದರೆ, ವರ್ಡ್‌ಪ್ರೆಸ್ ಅದನ್ನು ಕರೆಯುವುದು ನಿಲ್ಲಿಸುತ್ತದೆ, ಅಷ್ಟೇ. ಫೈಲುಗಳು ಸರ್ವರ್‌ನಲ್ಲೇ (ಸೈಟ್ ಇಟ್ಟಿರುವ ಕಂಪ್ಯೂಟರ್‌ನಲ್ಲೇ) ಕೂತಿರುತ್ತವೆ. ಅದರಲ್ಲಿ ಒಂದು ಫೈಲಿನ ವಿಳಾಸವನ್ನು ಹೊರಗಿನವರು ನೇರವಾಗಿ ಟೈಪ್ ಮಾಡಿದರೆ ಸರ್ವರ್ ಅದನ್ನು ಓಡಿಸಿಬಿಡಬಹುದು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ಮರೆತ ಹಾಗೆ.

2020ರ ಸೆಪ್ಟೆಂಬರ್‌ನಲ್ಲಿ ಫೈಲ್ ಮ್ಯಾನೇಜರ್ ಪ್ಲಗಿನ್‌ನಲ್ಲಿ ಆಗಿದ್ದು ಇದೇ. 7 ಲಕ್ಷಕ್ಕೂ ಜಾಸ್ತಿ ಸೈಟುಗಳಲ್ಲಿ ಅದಿತ್ತು. ಅದರೊಳಗೆ ಎಲ್‌ಫೈಂಡರ್ ಎಂಬ ಬೇರೆಯವರ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು. ಲೈಬ್ರರಿ ಜೊತೆ ಒಂದು ಮಾದರಿ ಫೈಲ್ ಬಂದಿತ್ತು. ಹಾಗೇ ಓಡಬಾರದು ಎಂದು ಹೆಸರಿನ ಕೊನೆಗೆ ಡಿಸ್ಟ್ ಅಂತ ಬಾಲ ಇತ್ತು. ಪ್ಲಗಿನ್‌ನಲ್ಲಿ ಆ ಬಾಲ ತೆಗೆದು ಪಿಎಚ್‌ಪಿ ಮಾಡಿಬಿಟ್ಟಿದ್ದರು. ಪಾಸ್‌ವರ್ಡ್ ಇಲ್ಲದೆ ಯಾರು ಬೇಕಾದರೂ ಸರ್ವರ್‌ಗೆ ಫೈಲ್ ಹಾಕುವಂತಾಯಿತು. ಬರೀ ಡೀಆಕ್ಟಿವೇಟ್ ಮಾಡಿ ಕೂತವರಿಗೂ ಅಪಾಯ ತಪ್ಪಲಿಲ್ಲ. 6.9ನೇ ಆವೃತ್ತಿಯಲ್ಲಿ ಅದನ್ನು ಸರಿಮಾಡಿದರು.

ಇನ್ನೊಂದು ಬಗೆ ನನಗೆ ನಗು ತರಿಸುತ್ತದೆ. 2024ರ ನವೆಂಬರ್‌ನಲ್ಲಿ ರಿಯಲಿ ಸಿಂಪಲ್ ಸೆಕ್ಯುರಿಟಿ ಎಂಬ ಭದ್ರತಾ ಪ್ಲಗಿನ್‌ನಲ್ಲೇ ದೋಷ ಸಿಕ್ಕಿತು. ಸುಮಾರು 40 ಲಕ್ಷ ಸೈಟುಗಳಲ್ಲಿದ್ದ ಪ್ಲಗಿನ್ ಅದು. ಎರಡು ಹಂತದ ಲಾಗಿನ್ ಆನ್ ಮಾಡಿಕೊಂಡ ಸೈಟುಗಳಿಗೇ ಪಾಸ್‌ವರ್ಡ್ ಇಲ್ಲದೆ ನುಗ್ಗಬಹುದಿತ್ತು! ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ ಅಲ್ವಾ.

ಹಾಗಂತ ದೋಷ ಸರಿಮಾಡುವ ಅಪ್‌ಡೇಟ್ ಒಂದನ್ನೇ ನಂಬಿಕೊಂಡರೂ ಆಗದು. 2017ರಲ್ಲಿ ಡಿಸ್‌ಪ್ಲೇ ವಿಡ್ಜೆಟ್ಸ್ ಪ್ಲಗಿನ್ ಬೇರೆಯವರಿಗೆ ಮಾರಾಟವಾಯಿತು. ಆಮೇಲೆ ಬಂದ ಅಪ್‌ಡೇಟ್‌ಗಳಲ್ಲೇ ಕಳ್ಳ ಕೋಡ್ ಇತ್ತು.

ಮತ್ತೆ ಹೋಂಸ್ಟೇಗೆ ಬರೋಣ. ಗ್ಯಾಲರಿ ಪ್ಲಗಿನ್ ಡಿಲೀಟ್ ಮಾಡಿದರೂ ಕೆಲಸ ಮುಗಿಯಲಿಲ್ಲ. ಒಳಗೆ ಬಂದವನು ಬೇರೆ ದಾರಿ ಮಾಡಿಕೊಂಡಿರುತ್ತಾನೆ. ಅಪ್‌ಲೋಡ್ಸ್ ಫೋಲ್ಡರ್ ಅಂದರೆ ಫೋಟೊ ಇರುವ ಜಾಗ. ಕಾಫಿ ಹೂವು, ಕಡುಬು, ಮಂಜು ಮುಸುಕಿದ ಗುಡ್ಡದ ಫೋಟೊಗಳ ನಡುವೆ ಒಂದು ಪಿಎಚ್‌ಪಿ ಫೈಲ್ ಸುಮ್ನೆ ಕೂತಿತ್ತು. ಬಳಕೆದಾರರ ಪಟ್ಟಿಯಲ್ಲಿ ಯಾರೂ ಸೇರಿಸದ ಒಬ್ಬ ಅಡ್ಮಿನ್ ಬೇರೆ. ಎರಡನ್ನೂ ತೆಗೆದು, ವರ್ಡ್‌ಪ್ರೆಸ್‌ನ ಮೂಲ ಫೈಲುಗಳನ್ನು ಹೊಸದಾಗಿ ಹಾಕಿ, ಡೇಟಾಬೇಸಿನದ್ದೂ ಸೇರಿ ಎಲ್ಲ ಪಾಸ್‌ವರ್ಡ್ ಬದಲಿಸಿದೆ.

ಆಮೇಲೆ ಬ್ಯಾಕಪ್ ತೆಗೆದುಕೊಂಡು, ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಪ್ಲಗಿನ್ ಕೇಳುತ್ತಾ ಹೋದೆ. "ಇದು ಬೇಕಾ?" ಒಟ್ಟು 23 ಇದ್ದವು. 8 ಉಳಿದವು. ಪರದೆ ಮೇಲೆ ಹಿಮ ಬೀಳಿಸುವ ಪ್ಲಗಿನ್ ಒಂದಕ್ಕೆ ಮಾತ್ರ ಅವರು ತುಂಬಾ ಚೌಕಾಸಿ ಮಾಡಿದರು. ಮೂಡಿಗೆರೆಯಲ್ಲಿ ಹಿಮ! ಹೊರಗೆ ಧೋ ಎಂದು ಮಳೆ ಸುರಿಯುತ್ತಿತ್ತು.