ದಿನ ತುಂಬದ ಕೂಸು, ಗಟ್ಟಿಯಾಗದ ಬದು

ಮಂಡ್ಯದ ಆಸ್ಪತ್ರೆಯೊಂದರ ನವಜಾತ ಶಿಶು ಘಟಕದ ಹೊರಗೆ ಕುಳಿತಿದ್ದೆವು. ತಂಗಿಗೆ 28 ವಾರಕ್ಕೇ ಹೆರಿಗೆಯಾಗಿ, ಒಂದು ಕಿಲೋ ಆಸುಪಾಸಿನ ಕೂಸು ಗಾಜಿನಾಚೆ ಮಲಗಿತ್ತು. “ಹೆದರಬೇಡ ಕಣವ್ವ, ಏಳು ತಿಂಗಳಿನದು ಉಳಿಯುತ್ತದೆ, ಎಂಟಾಗಿದ್ದರೆ ಕಷ್ಟವಿತ್ತು” ಎಂದು ಅಜ್ಜಿ ಅವಳ ತಲೆ ಸವರಿದರು. ನಮ್ಮ ಸೀಮೆಯಲ್ಲಿ ಎಲ್ಲರೂ ಕೇಳಿರುವ ಮಾತು. ಪ್ರೀತಿಯಿಂದ ಬಂದದ್ದೇ, ಆದರೆ ನಿಜವಲ್ಲ. ಮಗುವಿನ ಮೆದುಳಿನ ಮಟ್ಟಿಗಂತೂ ಏಳಕ್ಕೂ ಎಂಟಕ್ಕೂ ನಡುವಿನ ಒಂದೊಂದು ವಾರವೂ ಚಿನ್ನ.

ಮೆದುಳಿನ ನಡುವೆ ದ್ರವ ತುಂಬಿದ ಕುಹರಗಳಿವೆ. ಗರ್ಭದಲ್ಲಿರುವಾಗ ಅವುಗಳ ಅಂಚಿನಲ್ಲಿ ‘ಜರ್ಮಿನಲ್ ಮ್ಯಾಟ್ರಿಕ್ಸ್’ ಎಂಬ ಮೆತ್ತನೆಯ ಪದರವಿರುತ್ತದೆ. ಮೆದುಳಿನ ಹೊಸ ಕೋಶಗಳು ಹುಟ್ಟುವ ಸಸಿಮಡಿ ಅದು. ಅಲ್ಲಿಗೆ ಹೇರಳ ರಕ್ತ ಬೇಕು, ಹಾಗಾಗಿ ರಕ್ತನಾಳಗಳೂ ದಟ್ಟ. ಆದರೆ ಅವುಗಳ ಗೋಡೆ ತೀರಾ ತೆಳು, ಸುತ್ತಲೂ ಆಸರೆಯಿಲ್ಲ, ಒಡೆದು ಮೆದುಳಿನಲ್ಲಿ ರಕ್ತ ಸೋರುವ ಭಯ ಇರುವುದು ಇಲ್ಲೇ. ಸುಮಾರು 34 ವಾರದ ಹೊತ್ತಿಗೆ ಈ ಮಡಿ ತನ್ನ ಕೆಲಸ ಮುಗಿಸಿ ಬಹುಪಾಲು ಕರಗಿಹೋಗುತ್ತದೆ. ಎಂಟನೇ ತಿಂಗಳ ಕೂಸಿಗೆ ಸಿಕ್ಕುವ ಈ ರಕ್ಷಣೆ ಏಳರದಕ್ಕೆ ಇರುವುದಿಲ್ಲ.

ಇನ್ನೊಂದು ತೊಡಕೂ ಇದೆ. ದೇಹದ ರಕ್ತದೊತ್ತಡ ಏರಿಳಿದರೂ ನಮ್ಮ ಮೆದುಳಿನ ನಾಳಗಳು ಹಿಗ್ಗಿ ಕುಗ್ಗಿ ಹರಿವನ್ನು ಸಮವಾಗಿಡುತ್ತವೆ. ದಿನ ತುಂಬದ ಎಳೆಗೂಸಿನಲ್ಲಿ ಆ ಹಿಡಿತ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಉಸಿರಾಟ ತಪ್ಪಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಹರಿವು ಏಕಾಏಕಿ ಉಕ್ಕುತ್ತದೆ. ವಿ.ಸಿ. ನಾಲೆಯ ನೀರಿನಲ್ಲಿ ಗದ್ದೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಸಿ ಮಣ್ಣಿನ ಬದು ಗಟ್ಟಿಯಾಗುವ ಮೊದಲೇ ನೀರು ನುಗ್ಗಿದರೆ ಒಡೆಯುತ್ತದೆ. ಮೆದುಳಿನ ಇಂಥ ರಕ್ತಸ್ರಾವಗಳಲ್ಲಿ ಹೆಚ್ಚಿನವು ಹುಟ್ಟಿದ ಮೊದಲ ಮೂರು ದಿನಗಳಲ್ಲೇ ಆಗುತ್ತವೆ.

“ರಕ್ತ ಬೇಗ ಹೆಪ್ಪುಗಟ್ಟಲು ಏನಾದರೂ ಕೊಡಬಾರದೇ ಡಾಕ್ಟ್ರೇ?” ತಂಗಿಯ ಗಂಡ ಕೇಳಿದ. ಯಾರಿಗಾದರೂ ಹೊಳೆಯುವ ಪ್ರಶ್ನೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳು ತಾಯಿಯಿಂದ ಮಗುವಿಗೆ ದಾಟುವುದಿಲ್ಲ. ವಿಟಮಿನ್ ಕೆ ನೆರವಿನಿಂದ ತಯಾರಾಗುವಂಥವು ನವಜಾತ ಶಿಶುವಿನಲ್ಲಿ ದೊಡ್ಡವರ ಅರ್ಧದಷ್ಟು ಇದ್ದರೆ ಹೆಚ್ಚು. ಅದಕ್ಕೇ ಹುಟ್ಟಿದೊಡನೆ ವಿಟಮಿನ್ ಕೆ ಚುಚ್ಚುಮದ್ದು. ಅದನ್ನು ಯಾರೂ ಬೇಡವೆನ್ನಬಾರದು. ಆದರೆ ಹೆಪ್ಪುಗಟ್ಟುವುದನ್ನು ತಡೆಯುವ ಪ್ರೋಟೀನುಗಳೂ ಈ ಕೂಸುಗಳಲ್ಲಿ ಅಷ್ಟೇ ಕಡಿಮೆ. ತಕ್ಕಡಿಯ ಎರಡೂ ತಟ್ಟೆಗಳಲ್ಲಿ ತೂಕ ಕಡಿಮೆಯಿದ್ದರೂ ಮುಳ್ಳು ಹೆಚ್ಚುಕಡಿಮೆ ನಡುವೆಯೇ ನಿಲ್ಲುತ್ತದೆ.

ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್ ವಿಷಯದಲ್ಲಿ, ಮೊದಲೇ ಕೊಟ್ಟರೆ ಒಳ್ಳೆಯದೆಂಬ ವೈದ್ಯರ ಊಹೆಯೂ ತಲೆಕೆಳಗಾಯಿತು. 2019ರಲ್ಲಿ ಪ್ರಕಟವಾದ ‘ಪ್ಲಾನೆಟ್-2’ ಪ್ರಯೋಗದಲ್ಲಿ ದಿನ ತುಂಬದ 660 ಶಿಶುಗಳಿದ್ದವು. ಪ್ಲೇಟ್‌ಲೆಟ್ ಎಣಿಕೆ ರಕ್ತದ ಒಂದು ಮೈಕ್ರೋಲೀಟರಿಗೆ 50,000ಕ್ಕಿಂತ ಇಳಿದೊಡನೆ ಕೆಲವರಿಗೆ ಪ್ಲೇಟ್‌ಲೆಟ್ ಕೊಟ್ಟರು. ಉಳಿದವರಿಗೆ 25,000ಕ್ಕಿಂತ ಇಳಿಯುವವರೆಗೂ ಕಾದರು. ಸಾವು ಅಥವಾ ದೊಡ್ಡ ರಕ್ತಸ್ರಾವ ಕಂಡದ್ದು ಮೊದಲ ಗುಂಪಿನಲ್ಲಿ ಶೇ. 26, ಕಾದವರಲ್ಲಿ ಶೇ. 19. ರಕ್ತ ಸೋರುತ್ತಿರುವ ಮಗುವಿಗೂ ಕೊಡಬಾರದೆಂದು ಇದರ ಅರ್ಥವಲ್ಲ. ಒಳ್ಳೆಯದಿರಲಿ ಎಂದು ಮೊದಲೇ ಸುರಿದದ್ದು ಒಳ್ಳೆಯದು ಮಾಡಲಿಲ್ಲ, ಅಷ್ಟೆ.

ನಿಜವಾಗಿ ಕೈಹಿಡಿಯುವ ಕ್ರಮಗಳಲ್ಲಿ ಮುಖ್ಯವಾದದ್ದು ಹೆರಿಗೆಗೆ ಮೊದಲೇ ತಾಯಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು. ನ್ಯೂಜಿಲೆಂಡಿನ ವೈದ್ಯರಾದ ಲಿಗ್ಗಿನ್ಸ್ ಮತ್ತು ಹೋವಿ 1972ರಲ್ಲಿ ಇದರ ಫಲವನ್ನು ಪ್ರಕಟಿಸಿದ್ದು ಶ್ವಾಸಕೋಶದ ಸಲುವಾಗಿ. ಮೆದುಳಿನ ರಕ್ತಸ್ರಾವವನ್ನೂ ಅದು ತಗ್ಗಿಸುತ್ತದೆ. ಆದ್ದರಿಂದ ನಾಗಮಂಗಲದಲ್ಲೋ ಮಳವಳ್ಳಿಯಲ್ಲೋ ಅಕಾಲದಲ್ಲಿ ನೋವು ಕಾಣಿಸಿಕೊಂಡರೆ ಬೆಳಗಾಗಲೆಂದು ಕಾಯದಿರಿ. ಹೆತ್ತ ಕೂಸನ್ನು ಆಂಬುಲೆನ್ಸಿನಲ್ಲಿ ಕುಲುಕಾಡಿಸಿ ತರುವುದಕ್ಕಿಂತ, ಸಾಧ್ಯವಿದ್ದಾಗಲೆಲ್ಲ, ಹೊಟ್ಟೆಯಲ್ಲಿಟ್ಟುಕೊಂಡೇ ಮಂಡ್ಯಕ್ಕೋ ಮೈಸೂರಿಗೋ ಬರುವುದು ಎಷ್ಟೋ ಮೇಲು. ಆಮೇಲಿನದು ದಾದಿಯರ ಮೃದುವಾದ ಕೈಗಳ ಕೆಲಸ: ತಲೆ ಒಂದೇ ಕಡೆಗೆ ವಾಲದಂತೆ ನೇರವಾಗಿಡುವುದು, ದ್ರವವನ್ನು ನಿಧಾನವಾಗಿ ಹರಿಸುವುದು, ಪದೇ ಪದೇ ಮುಟ್ಟದಿರುವುದು.

ಮೂರನೇ ದಿನ ಸ್ಕ್ಯಾನ್ ಮಾಡಿದರು. ಅಜ್ಜಿಯರು ಹರಳೆಣ್ಣೆ ಒತ್ತುವ ನೆತ್ತಿಯ ಮೆತ್ತನೆಯ ಜಾಗವೇ ಅದಕ್ಕೆ ಕಿಟಕಿ. ಶಬ್ದದ ಅಲೆಗಳು ಅಲ್ಲಿಂದಲೇ ಒಳಗಿಳಿದು ಚಿತ್ರ ಮೂಡಿಸುತ್ತವೆ. ಎಡ ಅಂಚಿನಲ್ಲಿ ಸಣ್ಣದೊಂದು ರಕ್ತದ ಗುರುತು ಕಂಡಿತು, ಕುಹರದೊಳಗೆ ಇಳಿದಿರಲಿಲ್ಲ. ನಾಲ್ಕು ದರ್ಜೆಗಳಲ್ಲಿ ಮೊದಲನೆಯದು, ಬಹುಪಾಲು ಮಕ್ಕಳಲ್ಲಿ ತಾನಾಗಿ ಕರಗುವಂಥದ್ದು ಎಂದರು ವೈದ್ಯರು. ಮುಂದಿನ ವಾರ ಮತ್ತೊಮ್ಮೆ ನೋಡುತ್ತೇವೆ, ಅಲ್ಲಿಯವರೆಗೆ ನೆತ್ತಿಗೆ ಎಣ್ಣೆ ಬೇಡ ಎಂದು ಅಜ್ಜಿಗೂ ಹೇಳಿದರು. ಅಜ್ಜಿ ಸೀಸೆಯನ್ನು ಮತ್ತೆ ಚೀಲದೊಳಗಿಟ್ಟರು.